ಏರಿಳಿಯುವ ಮಂಚಗಳು

ಬಾಗಲಕೋಟೆಯ ಒಂದು ಕಾಲೇಜಿನ ಹುಡುಗಿಯರ ಹಾಸ್ಟೆಲ್‌ಗೆ ನಾನು ವಾರ್ಡನ್. ನಗು ತರಿಸುವ ಪ್ರಸಂಗಗಳು ಇಲ್ಲಿ ಮೊದಲೂ ನಡೆಯುತ್ತಿದ್ದವು. ಹೊಸ ಮಂಚ ಬಂದ ಮೇಲಂತೂ ನಗುವುದಕ್ಕೆ ಪುರುಸೊತ್ತೇ ಸಾಲದು. ಕಬ್ಬಿಣದ ಮಂಚ, ಕಾಲುಗಳಲ್ಲಿ ಸಾಲಾಗಿ ತೂತುಗಳು. ಬೋಲ್ಟ್ ಬಿಚ್ಚಿ ಮೇಲಿನ ತೂತಿಗೆ ಹಾಕಿದರೆ ಮಂಚ ಎದೆಯೆತ್ತರಕ್ಕೆ ಏರುತ್ತದೆ, ಕೆಳಗೆ ಮೇಜು ಹಿಡಿಸುತ್ತದೆ. ಅವು ಬಂದ ದಿನ ಹಾಸ್ಟೆಲ್ ಮದುವೆ ಮನೆಯಂತಾಗಿತ್ತು. ಬೋಲ್ಟ್ ತಿರುಗಿಸುವ ಪಾನಾಕ್ಕಾಗಿ ಹುಡುಗಿಯರು ಕೋಣೆಯಿಂದ ಕೋಣೆಗೆ ಓಡುತ್ತಿದ್ದರು.

ಇಳಿಜಾರು

ಹುನಗುಂದದ ಹುಡುಗಿ ಆಳು ಗಿಡ್ಡ, ಮಾತು ಉದ್ದ. ಒರಗಿ ಕೂತು ಓದಬೇಕೆಂದು ತಲೆ ಕಡೆಯ ಕಾಲುಗಳನ್ನಷ್ಟೇ ಏರಿಸಿದ್ದಳು. ಬೆಳಿಗ್ಗೆ ಹೋಗಿ ನೋಡಿದರೆ ಹಾಸಿಗೆ, ದಿಂಬು, ಹುಡುಗಿ ಮೂರೂ ನೆಲದ ಮೇಲೆ.

“ಬಿದ್ದೇನವಾ?” ಎಂದು ಗಾಬರಿಯಿಂದ ಕೇಳಿದೆ.

ಆಕೆ ಕಣ್ಣುಜ್ಜಿಕೊಂಡು, “ಬಿದ್ದಿಲ್ರಿ ಮೇಡಂ, ಸಾವಕಾಶ ಜಾರಿ ಬಂದೇನಿ,” ಎಂದಳು.

“ಮಂಚ ಈಗಲೇ ಸರಿ ಮಾಡು.”

“ಇರ್ಲಿ ಬಿಡ್ರಿ. ಮುಂಜಾನೆ ಏಳಾಕ ತ್ರಾಸ ಆಗಂಗಿಲ್ಲ. ಅರ್ಧಾ ಕೆಲಸ ಮಂಚಾನ ಮಾಡ್ತೈತಿ.”

ಕೆಳಗಿನ ಜಾಗ

ಆಕೆಯ ಜೊತೆ ಅದೇ ಕೋಣೆಯಲ್ಲಿರುವವಳು ಇಳಕಲ್ಲಿನವಳು. ಮನೆಯಲ್ಲಿ ಸೀರೆ ನೇಯುತ್ತಾರೆ. “ನಿದ್ದಿ ಬರವಲ್ದು” ಎಂದು ಆಕೆ ಫೋನ್ ಮಾಡಿದ್ದಕ್ಕೆ ತಾಯಿ ಮರುದಿನದ ಮೊದಲ ಬಸ್ಸಿಗೇ ಬಂದಿಳಿದರು. ಮಗಳ ಮಂಚ ಮೇಲೇರಿದ್ದನ್ನು ಕಂಡು ಹಿಗ್ಗಿ, ಅದರ ಕೆಳಗೆ ಹೊಕ್ಕು ಗೇಣು ಹಾಕಿ ಅಳೆಯತೊಡಗಿದರು.

“ಏನ್ ಅಳ್ಯಾಕತ್ತೀರಿ?” ಎಂದೆ.

“ಇಲ್ಲೊಂದು ಮಗ್ಗ ಕೂಡ್ಸೋಣ್ರಿ ಮೇಡಂ. ಈಕಿ ಹುಟ್ಟಿದಾಗಿಂದ ಮಗ್ಗದ ಸಪ್ಪಳದಾಗ ಮಲಗ್ಯಾಳ. ಅದಿಲ್ದ ನಿದ್ದಿ ಹೆಂಗ ಬರಬೇಕು?”

ಮಗಳು ತಾಯಿಯ ಕೈ ಹಿಡಿದು ಹೊರಗೆಳೆದಳು. “ಮಗ್ಗ ಬ್ಯಾಡ ಬೇ. ಈಗ ಗಣಿತದ ಕ್ಲಾಸಿನ್ಯಾಗ ಚೊಲೋ ನಿದ್ದಿ ಬರಾಕತ್ತೈತಿ.”

ತಪಾಸಣೆ

ಎಲ್ಲಕ್ಕಿಂತ ದೊಡ್ಡದು ತಪಾಸಣೆಯ ದಿನದ್ದು. ಮಂಚ ಪಾಸಾಗದಿದ್ದರೆ ಹಳೆಯವೇ ವಾಪಸ್ ಬರುತ್ತವೆ, ಅದೂ ತಿಗಣೆ ಸಮೇತ ಎಂದು ಹುಡುಗಿಯರಿಗೆ ಧಾವಂತ. ಬಂದ ಸಾಹೇಬರು ದೊಡ್ಡ ಹೊಟ್ಟೆಯ, ಗಂಭೀರ ಮುಖದ ಹಿರಿಯರು. ಪ್ರಿನ್ಸಿಪಾಲರ ಮತ್ತು ನನ್ನ ಜೊತೆ ಈ ಇಬ್ಬರ ಕೋಣೆಗೆ ಬಂದು, ತಪಾಸಣೆಗೆಂದು ಹುನಗುಂದದವಳು ಇಳಿಸಿ ಸಮ ಮಾಡಿಟ್ಟಿದ್ದ ಮಂಚದ ಮೇಲೆ ಕೂತು, “ಏರಿಸೋದು ಭಾಳ ತ್ರಾಸೇನು?” ಎಂದರು.

“ಏನಿಲ್ರಿ ಸರ್, ನೀವು ಕುಂತಲ್ಲೇ ಕುಂದರ್ರಿ,” ಎಂದಳು ಹುನಗುಂದದವಳು.

ನಾನು ಬಾಯಿ ತೆರೆಯುವಷ್ಟರಲ್ಲಿ ಹುಡುಗಿಯರ ದಂಡೇ ಮಂಚಕ್ಕೆ ಕೈ ಹಚ್ಚಿತು. ಎತ್ತಿ, ಬೋಲ್ಟ್ ಬಿಗಿದೂ ಆಯಿತು. ಸಾಹೇಬರು ಕಾಲು ಇಳಿಬಿಟ್ಟು, ಉಸಿರು ಬಿಗಿಹಿಡಿದು ಮೇಲೆ ಕೂತಿದ್ದರು. ಪಕ್ಕದ ಕಪಾಟಿನ ನೆತ್ತಿ ಅವರ ಕಣ್ಣಿಗೆ ಸಮವಾಗಿತ್ತು.

“ಇಲ್ಲೊಂದು ಕೆಟಲ್ ಐತಲ್ಲ,” ಎಂದರು.

ಹಾಸ್ಟೆಲ್‌ನಲ್ಲಿ ಕರೆಂಟಿನ ಕೆಟಲ್ ಇಡುವಂತಿಲ್ಲ. ಹಾಗೆಂದು ಬೋರ್ಡ್ ಬರೆಸಿದವಳು ನಾನೇ. ಪ್ರಿನ್ಸಿಪಾಲರು ನನ್ನನ್ನು ನೋಡಿದರು. ನಾನು ಇಳಕಲ್ಲಿನವಳನ್ನು ನೋಡಿದೆ. ಆಕೆ ನೆಲ ನೋಡಿದಳು. ಮಂಚ ಹೋದವು, ತಿಗಣೆ ಬಂದವು ಎಂದುಕೊಂಡೆ.

“ಯಾರದಿದು?”

ಹುನಗುಂದದವಳು ಮುಂದೆ ಬಂದಳು. “ಸರ್, ಚಾ ಮಾಡ್ಲೇನ್ರಿ?”

ಸಾಹೇಬರು ಬಗ್ಗಿ ನೆಲ ನೋಡಿದರು. ಏಣಿ ಇರಲಿಲ್ಲ. ನಿಧಾನಕ್ಕೆ ಕೈ ಚಾಚಿ ಕೆಟಲ್ ತೆಗೆದು ಆಕೆಯ ಕೈಗೆ ಕೊಟ್ಟರು.

“ಹಿಡೀವಾ, ಸಕ್ಕರಿ ಕಮ್ಮಿ ಹಾಕು. ಮಂಚ ಗಟ್ಟಿ ಅದಾವು ಅಂತ ಬರೀತೇನಿ, ಮೊದಲ ನನ್ನ ಕೆಳಗ ಇಳಸ್ರಿ.”