ತತ್ತಿಗೆ ನಾನು ಕಾವಲು ಕೂತದ್ದು

ಪಕ್ಷಿಸಂರಕ್ಷಣೆ ಎಂಬ ಮಹಾಕಾರ್ಯಕ್ಕೆ ಒಂದು ಖುರ್ಚಿ, ಒಂದು ಕೊಡೆ, ಒಂದಿಷ್ಟು ತಿಳಿವಳಿಕೆ ಇದ್ದರೆ ಸಾಕು ಎಂದು ನಾನು ನಂಬಿದ್ದೆ. ಮೊದಲೆರಡು ನಮ್ಮ ಮನೆಯಲ್ಲೇ ಇದ್ದವು.

ಇಂಡಿ ಪಟ್ಟಣದ ಆಚೆ, ಜೋಳದ ಹೊಲಗಳು ಸೈಟುಗಳಾದ ಕಡೆ ನಮ್ಮ ಮನೆ. ಪಕ್ಕದಲ್ಲೊಂದು ಖಾಲಿ ಜಾಗ. ವಾಕಿಂಗಿನವರಿಗೆ, ಕ್ರಿಕೆಟ್ಟಿನವರಿಗೆ ಅದೇ ಮೈದಾನ. ಈ ಬೇಸಿಗೆಯಲ್ಲಿ ಒಂದು ದಿನ ಅಲ್ಲಿನ ಕಲ್ಲುಹರಳುಗಳ ನಡುವೆ ಟಿಟ್ಟಿಭ ಹಕ್ಕಿ ತತ್ತಿ ಇಟ್ಟಿತ್ತು. ಗೂಡಿಲ್ಲ, ಮರೆಯಿಲ್ಲ, ಬರೀ ನೆಲ. ನಾವೆಲ್ಲ ಮನೆ ಕಟ್ಟುವ ಮೊದಲು ಇಡೀ ಸೀಮೆ ಅದರದೇ ಆಗಿತ್ತು. ಈಗ ಉಳಿದದ್ದು ಅಷ್ಟೇ ಜಾಗ.

ನನಗೆ ನಮ್ಮ ಹಳ್ಳಿ ಮಸೂತಿಯ ಹೊಲ ನೆನಪಾಗಿ ಕಣ್ಣು ತುಂಬಿ ಬಂದವು. ಅಲ್ಲಿ ಹರಗುವಾಗ ಹೀಗೆ ತತ್ತಿ ಕಂಡರೆ ಅಜ್ಜ ಎತ್ತು ತಿರುಗಿಸಿ, ಅಷ್ಟು ನೆಲ ಬಿಟ್ಟು ಮುಂದೆ ಹೋಗುತ್ತಿದ್ದ. ನಾನು ಬಗ್ಗಿ ನೋಡಹೋದರೆ ರಟ್ಟೆ ಹಿಡಿದು ಎಳೆಯುತ್ತಿದ್ದ. "ನಡಿ, ನಡಿ. ಏನ್ ನೋಡ್ತಿ?" ಆ ಎರೆಮಣ್ಣಿನ ವಾಸನೆ, ಎತ್ತಿನ ಕೊರಳಗಂಟೆ, ಅಜ್ಜನ ಒರಟು ಕೈ, ಎಲ್ಲ ಒಮ್ಮೆಗೇ ಬಂದವು. ಅಜ್ಜ ಈಗಿಲ್ಲ. ಈ ಮರಿಗಳನ್ನಾದರೂ ಉಳಿಸಲೇಬೇಕು ಎಂದು ನಿಶ್ಚಯಿಸಿದೆ.

ಪ್ರಥಮ ಕ್ರಮವಾಗಿ, ಯಾರೂ ತುಳಿಯಬಾರದೆಂದು ಸುತ್ತ ಕೋಲು ನೆಟ್ಟು, ನನ್ನ ಕೆಂಪು ಟವೆಲನ್ನು ಬಾವುಟದಂತೆ ಕಟ್ಟಿದೆ. ಮಣ್ಣಿನ ಬಣ್ಣದ ಆ ತತ್ತಿಗಳು ಅಲ್ಲಿಯವರೆಗೆ ಒಬ್ಬರ ಕಣ್ಣಿಗೂ ಬಿದ್ದಿರಲಿಲ್ಲ. ಈಗ ದೂರದ ಝಳಕಿ ಊರಿನಿಂದಲೂ ಕಾಣುವಂತಾಯಿತು!

ಅಷ್ಟಕ್ಕೇ ಬಿಟ್ಟೆನೆ? ವಾಕಿಂಗ್ ಗೆಳೆಯರ ವಾಟ್ಸಾಪ್ ಗುಂಪಿಗೆ ಫೋಟೊ ಸಮೇತ ಪ್ರಕಟಣೆ ಹೊರಡಿಸಿದೆ: "ದಯವಿಟ್ಟು ಯಾರೂ ಇತ್ತ ಬರಬಾರದು."

ಎಲ್ಲರೂ ಬಂದರು.

ಮರುದಿನ ರವಿವಾರ ಬೇರೆ. ಪಕ್ಕದ ಮನೆಯ ದೇಶಪಾಂಡೆಯವರು ಹೆಂಡತಿಯನ್ನೂ ಕರೆತಂದರು. "ಎಲ್ಲಿ ಅದಾವ್ರಿ ಸರ, ತತ್ತಿ? ಒಂದ್ ಸೆಲ್ಫಿ ತಗೊಂಡ್ ಹೋಗಿಬಿಡ್ತೇವ್ರಿ." ಯಾರೋ ಚುರಮರಿ ತಂದರು. ಕ್ರಿಕೆಟ್ ತಂಡದವರು ಆಟ ನಿಲ್ಲಿಸಿ ಪ್ರೇಕ್ಷಕರಾದರು. ದೇವರ ಹಿಪ್ಪರಗಿ ಸಂತೆಗೂ ಅಷ್ಟು ಮಂದಿ ಸೇರುವುದಿಲ್ಲ!

ಬಿಸಿಲೇರಿತು. ನಾನು ಖುರ್ಚಿ ಹಾಕಿ, ತತ್ತಿಗಳ ಮೇಲೆ ಕೊಡೆ ಹಿಡಿದು ಕೂತೆ. ಹಕ್ಕಿ ಗಂಟಲು ಹರಿಯುವಂತೆ ಕೂಗುತ್ತ ನನ್ನ ತಲೆಯ ಮೇಲೇ ಸುತ್ತತೊಡಗಿತು.

"ನೋಡ್ರಿ, ಮೂಕ ಜೀವಕ್ಕೂ ಉಪಕಾರ ತಿಳೀತೈತಿ" ಎಂದೆ. ದೇಶಪಾಂಡೆಯವರು ಫೋಟೊ ತೆಗೆದರು. ನಾನು ಎದೆ ಸೆಟೆಸಿದೆ.

ಆಗ ಮಾಳಿಗೆಯ ಮೇಲಿಂದ ನನ್ನ ಹೆಂಡತಿ ಶಾಂತಾ ಕೂಗಿದಳು. "ರೀ, ಅದು ನಿಮಗ ಬೈಯಾಕತ್ತೈತಿ!"

"ನನಗ್ಯಾಕ ಬೈತೈತಿ? ನಾ ಕಾಯಾಕತ್ತೇನಿ!"

"ಅಲ್ಲಿ ನೀವು ಕುಂತ್ರ ಅದು ಎಲ್ಲಿ ಕುಂಡ್ರಬೇಕ್ರಿ? ಎದ್ದ ಬರ್ರಿ ಮೊದಲ! ಈ ಬಿಸಿಲಿಗೆ ನಿಮ್ಮ ಕೊಡೆ ಸಾಲಂಗಿಲ್ಲ, ತತ್ತಿ ಅಲ್ಲೇ ಬೆಂದ ಹೋಗ್ತಾವು!"

ಮೈದಾನವೇ ನಕ್ಕಿತು. ನಾನು ಟವೆಲ್ ಬಿಚ್ಚಿ, ಕೋಲು ಕಿತ್ತು, ಖುರ್ಚಿ ಹೊತ್ತು ಎದ್ದೆ. ನೋಡಲು ನಾನೂ ಇಲ್ಲವೆಂದ ಮೇಲೆ ಮಂದಿ ತಾವಾಗಿಯೇ ಕರಗಿದರು.

ಮಾಳಿಗೆಯ ಮೇಲೆ ಶಾಂತಾಳ ಪಕ್ಕ ಹೋಗಿ ನಿಂತೆ. ತಡವಾಗಿಹೋಯಿತೇನೋ ಎಂಬ ಚಿಂತೆ. ಹಕ್ಕಿ ಇಳಿಯಿತು. ತುಸು ನಡೆಯಿತು, ನಿಂತಿತು, ತತ್ತಿಗೂ ತನಗೂ ಸಂಬಂಧವೇ ಇಲ್ಲದಂತೆ ಬೇರೆಲ್ಲೋ ನೋಡಿತು. ಆಮೇಲೆ ಮೆಲ್ಲಗೆ ಬಂದು ತತ್ತಿಗಳ ಮೇಲೆ ಕೂತಿತು.

ಸಂತೋಷ ತಡೆಯಲಾಗದೆ ಮೊಬೈಲ್ ಎತ್ತಿದೆ. ಶಾಂತಾ ರಟ್ಟೆ ಹಿಡಿದು ಎಳೆದಳು.

"ನಡೀರಿ, ನಡೀರಿ. ಏನ್ ನೋಡ್ತೀರಿ?"

ನಾನು ಅಲ್ಲೇ ನಿಂತುಬಿಟ್ಟೆ. ಅಜ್ಜ ನೆಲ ಬಿಡುತ್ತಿದ್ದದ್ದು ಇಷ್ಟು ವರ್ಷ ನೆನಪಿತ್ತು. ಬಿಟ್ಟು ಸುಮ್ಮನೆ ಹೋಗುತ್ತಿದ್ದದ್ದು ಮಾತ್ರ ಮರೆತೇಹೋಗಿತ್ತು. ಪಾಪ, ಆ ಹಕ್ಕಿಗೆ ಇಡೀ ಊರಿನ ಕಾಟ ಸಾಲದೆಂದು ನಾನೊಬ್ಬ ಕಾವಲುಗಾರ ಬೇರೆ ಗಂಟುಬಿದ್ದಿದ್ದೆ!