ಮನಶ್ಶಾಸ್ತ್ರ ಪಂಡಿತರೊಡನೆ ನನ್ನ ಎರಡು ಗಂಟೆ

ಪಂಡಿತರನ್ನು ಮಾತಾಡಿಸುವ ಕಲೆಯಲ್ಲಿ ನ್ಯಾಮತಿಯಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂದು ನಾನು ಮೂರು ತಿಂಗಳು ಪ್ರಾಮಾಣಿಕವಾಗಿ ನಂಬಿದ್ದೆ.

ಅದು ಯುದ್ಧದ ಕಾಲ. ನಾನು ಮಿಡ್ಲ್ ಸ್ಕೂಲಿನ ಮೇಷ್ಟ್ರು, ಜೊತೆಗೆ ಊರಿನ ವಾಚನಾಲಯದ ಕಾರ್ಯದರ್ಶಿ. ಭಾಷಣ ಎಂದರೆ ಜನ ಆಕಳಿಸುತ್ತಾರೆ. ಆದ್ದರಿಂದ ತಿಂಗಳಿಗೊಬ್ಬ ಪಂಡಿತರನ್ನು ಕರೆಸಿ, ಎದುರುಬದುರು ಎರಡು ಕುರ್ಚಿ ಹಾಕಿ, ಎರಡು ಗಂಟೆ ಸಂವಾದ ನಡೆಸುವ ಏರ್ಪಾಡು ಮಾಡಿದೆ. ಪ್ರಶ್ನೆ ಕೇಳುವವನು ಸಾಕ್ಷಾತ್ ನಾನೇ! ಮೊದಲು ನಕ್ಷತ್ರಗಳ ಲೆಕ್ಕ ಬಲ್ಲ ವಿಜ್ಞಾನದ ಪ್ರೊಫೆಸರು ಬಂದರು. ಆಮೇಲೆ ರಾಜಕೀಯ ಬಲ್ಲ ಶಿವಮೊಗ್ಗೆಯ ವಕೀಲರು. ಅವರಾದ ಮೇಲೆ ಶಾಸನ, ಶಿಲ್ಪ, ಸಂಸ್ಕೃತಿ ಎಲ್ಲವನ್ನೂ ಅರೆದು ಕುಡಿದ ಒಬ್ಬ ಶಾಸ್ತ್ರಿಗಳು. ಮೂವರೂ ಕೂತವರು ಏಳಲಿಲ್ಲ, ಬಾಯಿ ತೆರೆದವರು ಮುಚ್ಚಲಿಲ್ಲ. ಎರಡು ಗಂಟೆಯಲ್ಲಿ ನಾನು ಆಡಬೇಕಾದದ್ದು ಎರಡೇ ಮಾತು. "ಹೌದೇ?" ಎಂಬುದು ಒಂದು. "ಆಮೇಲೆ?" ಎಂಬುದು ಇನ್ನೊಂದು. ಸಭೆ ಮುಗಿದ ಮೇಲೆ ಜನ ಬಂದು, "ಏನ್ ಚೆಂದ ಮಾತಾಡಿಸಿದ್ರಿ ಮೇಷ್ಟ್ರೇ!" ಎನ್ನುತ್ತಿದ್ದರು. ನಾನೂ ನಂಬಿಬಿಟ್ಟೆ.

ಆದರೆ ನಾಲ್ಕನೆಯ ಸಂವಾದದ ಮೇಲೆ ನನ್ನ ಸಂಸಾರವೇ ನಿಂತಿತ್ತು. ಕಾರಣ, ಯಾರಿಗೂ ಹೇಳದೆ ನಾನೊಂದು ಘನಂದಾರಿ ಕೆಲಸ ಮಾಡಿಟ್ಟಿದ್ದೆ.

ನಮ್ಮತ್ತೆ ಗಿರಿಜಮ್ಮನವರ ಮನೆ ನಮ್ಮ ಮನೆಯಿಂದ ಎರಡನೆಯದು. ದಿನಾ ಸಂಜೆ ಬಂದು ನಮ್ಮ ಜಗುಲಿಯ ಮೇಲೆ ಕೂತರೆಂದರೆ, ಮಳೆ ಯಾಕೆ ತಡವಾಯಿತು ಎಂಬುದರಿಂದ ಹಿಡಿದು ಯುದ್ಧ ಯಾರು ಗೆಲ್ಲುತ್ತಾರೆ ಎಂಬುದರವರೆಗೆ ತೀರ್ಪು ಕೊಟ್ಟೇ ಏಳುತ್ತಿದ್ದರು. ಅದನ್ನೆಲ್ಲ ಸಹಿಸಿದೆ. ಆದರೆ ವಕೀಲರ ಸಂವಾದಕ್ಕೆಂದು ನಾನು ಜೋಪಾನವಾಗಿ ಕೂಡಿಟ್ಟ ವೃತ್ತಪತ್ರಿಕೆಗಳನ್ನು ಆಕೆ ಒಂದೇ ಮಧ್ಯಾಹ್ನದಲ್ಲಿ ಹರಿದು ಉಪ್ಪಿನಕಾಯಿ ಭರಣಿಗಳ ಬಾಯಿಗೆ ಕಟ್ಟಿಬಿಟ್ಟರು. ಬರ್ಮಾ ಮಾವಿನಕಾಯಿಯ ಮೇಲೆ, ಬರ್ಲಿನ್ ನಿಂಬೆಕಾಯಿಯ ಮೇಲೆ!

"ಇದೇನು ಅತ್ತೆ?" ಎಂದೆ.

"ಓದಿ ಆತಲ್ಲ ಅಳಿಯಂದ್ರೇ? ಹಳೇ ಯುದ್ಧ ಇಟ್ಕೊಂಡು ಏನು ಮಾಡಾಕೆ?" ಎಂದರು.

ಕೋಪ ನೆತ್ತಿಗೇರಿತು. ಅದೇ ಕೋಪದಲ್ಲಿ ಕೂತು, ನನ್ನನ್ನು ದೂರದ ಜಗಳೂರಿಗೆ ವರ್ಗ ಮಾಡಬೇಕೆಂದು ಸ್ಕೂಲ್ ಇನ್‌ಸ್ಪೆಕ್ಟರ್ ಸಾಹೇಬರಿಗೆ ಅರ್ಜಿ ಬರೆದು ಅಂಚೆಗೆ ಹಾಕಿದೆ. ಹೊನ್ನಾಳಿ, ಚನ್ನಗಿರಿಗಳಲ್ಲೂ ಜಾಗ ಖಾಲಿ ಇತ್ತು. ಆದರೆ ಅಲ್ಲಿಗೆಲ್ಲ ಅತ್ತೆ ಬೆಳಿಗ್ಗೆ ಹೊರಟರೆ ಸಂಜೆಯೊಳಗೆ ಬಂದುಬಿಡಬಹುದಾಗಿತ್ತು!

ಹದಿನೈದು ದಿನದಲ್ಲಿ ಕೋಪ ಇಳಿಯಿತು. ಇಳಿದ ಮಾರನೆಯ ದಿನವೇ ನನ್ನ ಹೆಂಡತಿ ಸಾವಿತ್ರಿ, ತಾನು ಬಸುರಿ ಎಂದು ಹೇಳಿದಳು. ಮದುವೆಯಾದ ಆರು ವರ್ಷದ ಮೇಲೆ! ನಾನು ಕುಣಿದಾಡುವಷ್ಟರಲ್ಲಿ ಅವಳೆಂದಳು: "ನಂಗೆ ಭಯ ಆಗ್ತೈತೆ ಕಣ್ರೀ. ಅವ್ವ ಎರಡು ಮನೆ ಆಚೆ ಇದ್ದಾಳಲ್ಲ, ಅದೊಂದೇ ಧೈರ್ಯ."

ಆ ರಾತ್ರಿಯೇ, ಅರ್ಜಿಯನ್ನು ದಯಮಾಡಿ ರದ್ದು ಮಾಡಬೇಕೆಂದು ಸಾಹೇಬರಿಗೆ ಮತ್ತೊಂದು ಕಾಗದ ಬರೆದೆ. ಉತ್ತರ ಬಂತು. "ನಿಮ್ಮ ಮುಂದಿನ ಸಂವಾದಕ್ಕೆ ಬರುತ್ತೇನೆ. ಊರಿಗೆ ನಿಮ್ಮಿಂದ ಅಂಥ ಪ್ರಯೋಜನವಿದೆಯೆಂದು ಕಂಡರೆ ಅಲ್ಲೇ ಉಳಿಸುತ್ತೇನೆ."

ಅಂದರೆ ಸಂವಾದ ಗೆಲ್ಲಬೇಕು. ಸಾಹೇಬರು ಮೆಚ್ಚಬೇಕು. ಅರ್ಜಿಯ ಸುದ್ದಿ ಮಾತ್ರ ಹೆಂಡತಿಯ ಕಿವಿಗೂ ಅತ್ತೆಯ ಕಿವಿಗೂ ಬೀಳಬಾರದು.

ಈ ಗುಟ್ಟು ಬಲ್ಲವರು ವಾಚನಾಲಯದ ಪಕ್ಕದ ಅಂಗಡಿಯ ದರ್ಜಿ ಇಮಾಂ ಸಾಬರೊಬ್ಬರೇ. ಸಭೆಗೆಂದು ನನ್ನ ಹಳೆಯ ಕೋಟನ್ನು ತಿರುವಿ ಹೊಲಿಯುತ್ತಾ, "ಪ್ರಶ್ನೆ ಜಾಸ್ತಿ ಬರ್ಕೊಳ್ರಿ ಮೇಷ್ಟ್ರೇ. ಬಟ್ಟೆ ಸಾಲ್ದಿದ್ರೆ ಎಂಥಾ ದರ್ಜಿ ಆದ್ರೂ ಏನೂ ಮಾಡಾಕೆ ಆಗಾಕಿಲ್ಲ" ಎಂದರು.

"ಇಪ್ಪತ್ತು ಬರ್ದೀನಿ ಸಾಬ್ರೇ. ಮೂರನೇ ಪ್ರಶ್ನೆಗೇ ಎರಡು ಗಂಟೆ ಮುಗೀತದೆ!" ಎಂದು ನಕ್ಕೆ.

ಭಾನುವಾರ ಮಧ್ಯಾಹ್ನ, ಪೆಟ್ರೋಲ್ ಸಿಗದೆ ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಬಸ್ಸಿನಲ್ಲಿ, ಮನಶ್ಶಾಸ್ತ್ರದ ಪಂಡಿತರು ಬಂದಿಳಿದರು. ಸಣ್ಣ ಆಸಾಮಿ, ಮೂಗಿನ ಮೇಲೆ ಮಸಿ, ಮುಖದಲ್ಲಿ ಶಾಂತಿ. "ನಾನು ಮಾತಾಡೋದು ಕಡಿಮೆ. ಕೇಳೋದೇ ನನ್ನ ಕಸುಬು" ಎಂದರು. ಆಹಾ, ಎಂಥಾ ವಿನಯ ಎಂದುಕೊಂಡೆ! ನನ್ನಂಥ ಮೂರ್ಖ ಇನ್ನೊಬ್ಬನಿಲ್ಲ.

ನಾಲ್ಕು ಗಂಟೆಗೆ ಸ್ಕೂಲಿನ ಹಾಲ್ ತುಂಬಿತು. ಮುಂದಿನ ಸಾಲಿನಲ್ಲಿ ಇನ್‌ಸ್ಪೆಕ್ಟರ್ ಸಾಹೇಬರು, ಅವರ ಪಕ್ಕದಲ್ಲಿ ಇಮಾಂ ಸಾಬರು. ಹೆಂಗಸರು ಬಲಗಡೆಯ ಕಿಟಕಿಯ ಬಳಿ. ಅಲ್ಲಿ ಸಾವಿತ್ರಿ ಇದ್ದಳು. ಅವಳ ಮಗ್ಗುಲಲ್ಲಿ, ಎಲೆಯಡಿಕೆ ಚೀಲದೊಂದಿಗೆ, ಅತ್ತೆ.

"ಮನಸ್ಸು ಎಂದರೇನು?" ಎಂದು ಗಂಭೀರವಾಗಿ ಆರಂಭಿಸಿ, ಕೈಕಟ್ಟಿ ಒರಗಿ ಕೂತೆ.

"ಅದನ್ನೇ ನಾನೂ ಹುಡುಕ್ತಾ ಇದ್ದೀನಿ" ಎಂದರು ಪಂಡಿತರು.

ಕಾದೆ. ಅಷ್ಟೇ! ಮುಗಿದಿತ್ತು!

"ಕನಸುಗಳು ನಿಜವೇ?"

"ಕೆಲವು."

"ಮಕ್ಕಳ ಬುದ್ಧಿಯನ್ನು ಬೆಳೆಸುವುದು ಹೇಗೆ?"

"ಹೊಡೀಬೇಡಿ."

ಹಾಲಿನಲ್ಲಿದ್ದ ಮೇಷ್ಟ್ರುಗಳೆಲ್ಲ ಒಟ್ಟಿಗೆ ಕೆಮ್ಮಿದರು. ನನ್ನ ಕೈಯಲ್ಲಿದ್ದ ಕಾಗದ ಬೆವರಿಗೆ ಒದ್ದೆಯಾಯಿತು. ನಾಲ್ಕು, ಐದು, ಹತ್ತು, ಹದಿನೈದು... ಪ್ರಶ್ನೆಗಳು ಒಂದೊಂದಾಗಿ ಉದುರಿದವು. ಇಪ್ಪತ್ತನೆಯದಕ್ಕೆ ಬಂದಾಗ ಗೋಡೆಯ ಗಡಿಯಾರ ನೋಡಿದೆ. ನಾಲ್ಕು ಗಂಟೆ ಹನ್ನೊಂದು ನಿಮಿಷ!

"ಮನುಷ್ಯನಿಗೆ ಕೋಪ ಯಾಕೆ ಬರುತ್ತದೆ?" ಎಂದು ಕೊನೆಯ ಪ್ರಶ್ನೆಯನ್ನೂ ಕೇಳಿಬಿಟ್ಟೆ.

"ಒಬ್ಬೊಬ್ಬರಿಗೆ ಒಂದೊಂದು ಕಾರಣ. ನಿಮಗೆ ಯಾಕೆ ಬರುತ್ತೆ?"

"ನನಗಾ? ನನಗೆ ಕೋಪವೇ ಬರುವುದಿಲ್ಲ."

"ಹೌದೇ?" ಎಂದರು ಪಂಡಿತರು.

ಅಯ್ಯೋ, ಅದು ನನ್ನ ಅಸ್ತ್ರ! ನನ್ನ ಕಡೆಗೇ ತಿರುಗಿತ್ತು! ಅಷ್ಟು ಹೇಳಿ ಆ ಮನುಷ್ಯ ಮುಗುಳ್ನಗುತ್ತಾ ಸುಮ್ಮನೆ ಕೂತುಬಿಟ್ಟ. ಬೆಂಚು ಕಿರುಗುಟ್ಟಿತು. ಸಾಹೇಬರು ಜೇಬಿನಿಂದ ಗಡಿಯಾರ ತೆಗೆದು, ನೋಡಿ, ಒಳಗಿಟ್ಟರು. ಜಗಳೂರಿನ ಬಸ್ಸು ನನ್ನ ಕಣ್ಣ ಮುಂದೆ ಹೊಗೆ ಕಾರಿತು. ಏನಾದರೂ ಮಾತಾಡಲೇಬೇಕಾಗಿತ್ತು.

"ಒಂದೇ ಒಂದು ಸಲ ಬಂದಿತ್ತು" ಎಂದೆ.

"ಆಮೇಲೆ?"

ಪತ್ರಿಕೆಗಳ ಕಥೆ ಹೇಳಿದೆ. ಭರಣಿಗಳ ಕಥೆ ಹೇಳಿದೆ. ಜನ ನಕ್ಕರು. ಸಾಹೇಬರೂ ನಕ್ಕರು! ಅಲ್ಲಿಗೆ ನಾನು ಕೆಟ್ಟೆ. ಹುರುಪು ಬಂತು. ಅತ್ತೆ ಜಗುಲಿಯ ಮೇಲೆ ಕೂರುವ ಭಂಗಿ, ಎಲೆಗೆ ಸುಣ್ಣ ಹಚ್ಚುತ್ತಾ ತೀರ್ಪು ಕೊಡುವ ರೀತಿ, ಅವರ ಹೆಜ್ಜೆಯ ಸದ್ದು ಕೇಳಿ ನಾನು ಹಿತ್ತಲಿಗೆ ಓಡುವುದು, ಎಲ್ಲವನ್ನೂ ಅಭಿನಯಿಸಿ ತೋರಿಸಿದೆ. ಪಂಡಿತರು "ಹೌದೇ?" "ಆಮೇಲೆ?" ಎನ್ನುತ್ತಲೇ ಇದ್ದರು. ಇಮಾಂ ಸಾಬರು ಎರಡು ಬೆರಳು ಕತ್ತರಿಯಂತೆ ಆಡಿಸಿ, ಕತ್ತರಿಸ್ರಿ, ಸಾಕು, ಎಂದು ಸನ್ನೆ ಮಾಡಿದರು. ಗಡಿಯಾರ ಐದೂವರೆ ತೋರಿಸುತ್ತಿತ್ತು. ಇನ್ನು ಅರ್ಧ ಗಂಟೆ ಮಾತ್ರ!

"ಅಷ್ಟು ಕೋಪ ಬಂದಾಗ ಏನು ಮಾಡಿದಿರಿ?" ಎಂದರು ಪಂಡಿತರು.

ನಾನು ಗಕ್ಕನೆ ನಿಂತೆ. "ಏನೂ ಮಾಡಲಿಲ್ಲ."

"ಹೌದೇ?"

ಮತ್ತೆ ಆ ಮೌನ. ಒಂದು ನಿಮಿಷ. ಎರಡು ನಿಮಿಷ. ಇಮಾಂ ಸಾಬರು ಕಣ್ಣು ಮುಚ್ಚಿ "ಯಾ ಅಲ್ಲಾ" ಎಂದದ್ದು ನನಗೂ ಕೇಳಿಸಿತು.

"ಒಂದು... ಅರ್ಜಿ ಬರೆದೆ."

"ಆಮೇಲೆ?"

"ಜಗಳೂರಿಗೆ ವರ್ಗ ಮಾಡಿ ಅಂತ. ಬಾಂಬಿಗಾದರೂ ಹೆದರದೆ ಇದ್ದೇನು ಸ್ವಾಮಿ, ನಮ್ಮತ್ತೆಯ ಜಗುಲಿಗೆ ಹೆದರಿ ಬರೆದೆ! ಹೆಂಡತಿಗೂ ಹೇಳದೆ ಬರೆದೆ! ಈಗ ಅವಳ ಮುಖ ನೋಡಲಾರದೆ ಸಾಯುತ್ತಿದ್ದೇನೆ!"

ಹೇಳಿ ಮುಗಿಸಿದ ಮೇಲೆಯೇ ನಾನು ಎಲ್ಲಿದ್ದೇನೆಂಬುದು ನೆನಪಾದದ್ದು. ಕಿಟಕಿಯ ಕಡೆ ನೋಡಿದೆ. ಸಾವಿತ್ರಿಯ ಕಣ್ಣು ತುಂಬಿತ್ತು. "ನಂಗೆ ಒಂದು ಮಾತು ಹೇಳಿದ್ರೆ ಏನಾಗ್ತಿತ್ರೀ?" ಎಂದಳು ಮೆಲ್ಲಗೆ. ಅಷ್ಟು ಜನರ ಎದುರಿಗೆ ನನ್ನ ಮಾನ ಹೋದದ್ದಕ್ಕಿಂತ ಆ ಒಂದು ಮಾತು ನನ್ನನ್ನು ಹೆಚ್ಚು ನೋಯಿಸಿತು.

ಪಂಡಿತರು ಸಭೆಯ ಕಡೆ ತಿರುಗಿ, "ಮನಸ್ಸು ಎಂದರೇನು ಅಂತ ಕೇಳಿದ್ರಲ್ಲ. ಇದೇ" ಎಂದರು. ಚಪ್ಪಾಳೆಯೋ ಚಪ್ಪಾಳೆ!

ಸಾಹೇಬರು ಎದ್ದು ನಿಂತರು. "ಇಂಥ ಸಂವಾದ ನಾನು ಎಲ್ಲೂ ಕೇಳಿಲ್ಲ. ಮೇಷ್ಟ್ರೇ, ನಿಮ್ಮನ್ನು ಈ ಊರಿಂದ ಕದಲಿಸೋದಿಲ್ಲ!"

ಗೆದ್ದೆ! ಮಾನ ಹೋದರೂ ಊರು ಉಳಿಯಿತು! ನಾನು ಎದ್ದು ಕೈ ಮುಗಿಯುವಷ್ಟರಲ್ಲಿ ಕಿಟಕಿಯ ಬಳಿಯಿಂದ ಎಲೆಯಡಿಕೆ ಚೀಲ ಮೇಲೆದ್ದಿತು.

"ಇಲ್ರೀ ಸಾಹೇಬ್ರೇ" ಎಂದರು ಅತ್ತೆ. "ನಮ್ಮ ಅಳಿಯಂದ್ರು ಎಂದೂ ಬಾಯಿಬಿಟ್ಟು ಏನೂ ಕೇಳಿದೋರಲ್ಲ. ಇದೊಂದು ಕೇಳ್ಯಾರೆ. ಕೊಟ್ಟುಬಿಡ್ರಿ."

"ಬೇಡ ಅತ್ತೆ, ಬೇಡ! ಸಾವಿತ್ರಿಯ ಬಾಣಂತನ..."

"ಅದಕ್ಯಾಕೆ ಚಿಂತೆ ಮಾಡ್ತೀರಿ? ನನ್ನ ಮನೆಗೆ ಬೀಗ ಹಾಕಿ ನಾನೂ ನಿಮ್ಮ ಜೊತೆಗೇ ಬರ್ತೀನಿ. ನಿಮ್ಮ ಮನೇಲೇ ಇರ್ತೀನಿ!"

ಸಾವಿತ್ರಿ ಕಣ್ಣೊರೆಸಿಕೊಂಡು ನಕ್ಕಳು. ಸಾಹೇಬರು, "ಭಲೇ ತಾಯಿ!" ಎಂದು ಅಲ್ಲೇ ಪೆನ್ನು ತೆಗೆದರು.

ಈಗ ಜಗಳೂರಿನಲ್ಲಿದ್ದೇವೆ. ಮಗಳು ಹುಟ್ಟಿದ್ದಾಳೆ, ಅಜ್ಜಿಯ ಕೈಯಲ್ಲಿ ಗುಂಡುಗುಂಡಗೆ ಬೆಳೆಯುತ್ತಿದ್ದಾಳೆ. ಆ ಋಣ ನಾನು ತೀರಿಸಲಾರೆ, ಅದು ನಿಜ. ಆದರೆ ಈ ಬಾಡಿಗೆ ಮನೆಗೆ ಜಗುಲಿ ಇಲ್ಲ, ಓಡಿಹೋಗಲು ಹಿತ್ತಲೂ ಇಲ್ಲ. ಆದ್ದರಿಂದ ಅತ್ತೆ ನನ್ನ ಮೇಜಿನ ಎದುರಿಗೇ ಕುರ್ಚಿ ಹಾಕಿಸಿಕೊಂಡಿದ್ದಾರೆ. ದಿನಾ ಸಂಜೆ ಎರಡು ಗಂಟೆ, ಒಂದು ದಿನವೂ ತಪ್ಪದೆ, ವಿಜ್ಞಾನ, ರಾಜಕೀಯ, ಸಂಸ್ಕೃತಿ, ಮನಶ್ಶಾಸ್ತ್ರ ಎಲ್ಲವನ್ನೂ ಕುರಿತು ಸಂವಾದ ನಡೆಯುತ್ತದೆ. ಅದನ್ನು ನಡೆಸಿಕೊಡುವವನು ನಾನೇ.

"ಹೌದೇ?" ಎನ್ನುತ್ತೇನೆ. ಸ್ವಲ್ಪ ಹೊತ್ತು ಬಿಟ್ಟು, "ಆಮೇಲೆ?" ಎನ್ನುತ್ತೇನೆ.