ಅರಿಶಿನ ಕುಂಕುಮದ ಸರ್ಕ್ಯೂಟು

ರಾಜಾಜಿನಗರದ ಪುಟ್ಟ ವರ್ಕ್‌ಶಾಪೊಂದರಲ್ಲಿ ನೀರು ಕಮ್ಮಿಯಾದರೆ ತಾನೇ ಮೋಟ್ರು ಓಡಿಸುವ ಟ್ಯಾಂಕಿನ ಕಂಟ್ರೋಲರ್ ಮಾಡುವುದು ನನ್ನ ಕೆಲಸ. ಸರ್ಕ್ಯೂಟು ಕೆಟ್ಟರೆ ಮೀಟರ್ ಹಿಡಿದು ಹುಡುಕಬಹುದು. ಅದರ ಸುತ್ತ ಜನ ಸೇರಿದರೆ ಏನಾಗುತ್ತದೋ ಬ್ರಹ್ಮನಿಗೂ ತಿಳಿಯದು.

೧. ಲೆಕ್ಕ ಬಾರದ ಚಿಪ್

ಆ ಸಲ ನಮ್ಮ ಮಾಲೀಕರು ಅಗ್ಗದ ಮೈಕ್ರೋಕಂಟ್ರೋಲರ್ ಚಿಪ್ ತಂದಿದ್ದರು. ವೋಲ್ಟೇಜ್ ಎಷ್ಟು ಅಂತ ಅಳೆಯಲು ಅದಕ್ಕೆ ಬಾರದು. ಒಳಗಿದ್ದದ್ದು ಬರೀ ಕಂಪೇರೇಟರ್: ಎರಡು ವೋಲ್ಟೇಜ್ ಕೊಟ್ಟರೆ ಯಾವುದು ಹೆಚ್ಚು ಅಂತಷ್ಟೇ ಹೇಳುತ್ತದೆ. ನಾನೊಂದು ಉಪಾಯ ಹೂಡಿದೆ. ಒಂದು ಕಡೆ ನೀರು ಏರಿದಂತೆ ತಾನೂ ಏರುವ ಟ್ಯಾಂಕಿನ ಸೆನ್ಸರ್ ವೋಲ್ಟೇಜ್, ಇನ್ನೊಂದು ಕಡೆ ನಿಧಾನಕ್ಕೆ ಚಾರ್ಜ್ ಆಗುವ ಕೆಪಾಸಿಟರ್. ಅದು ಸೆನ್ಸರನ್ನು ಸರಿಗಟ್ಟಲು ಹೊತ್ತು ಹಿಡಿದಷ್ಟೂ ಟ್ಯಾಂಕಿನಲ್ಲಿ ನೀರು ಹೆಚ್ಚು ಅಂತ ಲೆಕ್ಕ.

ಮೂಡಲಪಾಳ್ಯದ ಬಿಲ್ಡಿಂಗ್ ಓನರ್ ಒಬ್ಬರಿಗೆ ಇದನ್ನೆಲ್ಲ ವಿವರಿಸಿದೆ. ಅವರ ಆರ್ಡರ್ ಕೈತಪ್ಪಿದರೆ ವರ್ಕ್‌ಶಾಪಿಗೆ ಬೀಗವೇ ಅಂತ ಮಾಲೀಕರು ಮೊದಲೇ ಹೇಳಿದ್ದರು.

"ಗೊತ್ತಾಯ್ತು ಬಿಡಮ್ಮ," ಅಂದರು ಓನರ್. "ನಮ್ಮಮ್ಮನೂ ಹಂಗೇ. ಮಾರ್ಕ್ಸ್ ಎಷ್ಟು ಅಂತ ಯಾವತ್ತೂ ಕೇಳ್ಲಿಲ್ಲ. ಪಕ್ಕದ್ಮನೆ ಹುಡುಗನಿಗಿಂತ ಕಮ್ಮಿ ಅಂತ ಮಾತ್ರ ಕರೆಕ್ಟಾಗಿ ಹೇಳ್ತಿದ್ರು."

೨. ಪವಾಡ

ಅವರ ಮನೆಯಲ್ಲೇ ಟ್ರಯಲ್. ಟ್ಯಾಂಕಿನ ನೀರು ತಳ ಮುಟ್ಟಿತ್ತು. ಸರ್ಕ್ಯೂಟ್ ಬೋರ್ಡನ್ನು ಗೋಡೆಗೆ ಹಾಕಿ, ಅದರ ಮುಚ್ಚಳ ತರಲು ಕೆಳಗೆ ಹೋದೆ. ನಾನು ಬರುವಷ್ಟರಲ್ಲಿ ಓನರ್ ಹೆಂಡತಿ ಪೂಜೆ ಮುಗಿಸಿದ್ದರು. ಮನೆಗೆ ಬಂದ ಹೊಸ ವಸ್ತುವನ್ನು ಅವರು ಸುಮ್ಮನೆ ಬಿಟ್ಟಾರೆಯೇ? ಅರಿಶಿನ ಕುಂಕುಮ ನೀರಲ್ಲಿ ಕಲಸಿ ಸರಿಯಾಗಿ ಕೆಪಾಸಿಟರ್ ಮೇಲೇ ಬಳಿದಿದ್ದರು!

ಸ್ವಿಚ್ ಹಾಕಿದ್ದೇ ತಡ, ಡಿಸ್‌ಪ್ಲೇಯಲ್ಲಿ ಟ್ಯಾಂಕ್ ಫುಲ್.

"ನೋಡ್ರೀ, ಮೋಟ್ರೇ ಓಡಿಲ್ಲ, ಟ್ಯಾಂಕ್ ತುಂಬೋಗಿದೆ!" ಅಂತ ಆಂಟಿ ಕೈಮುಗಿದರು.

"ಆಂಟಿ, ಆ ಒದ್ದೆ ಕುಂಕುಮದಲ್ಲಿ ಚಾರ್ಜ್ ಸೋರಿ ಹೋಗ್ತಾ ಇದೆ. ಕೆಪಾಸಿಟರ್ ತುಂಬ್ತಾನೇ ಇಲ್ಲ, ಹೊತ್ತು ಹಿಡೀತಿರೋದಕ್ಕೇ ಫುಲ್ ಅಂತ ತೋರಿಸ್ತಿದೆ."

"ಹಂಗೆಲ್ಲ ಅನ್ಬಾರ್ದು ಕಣಮ್ಮ!"

ಅಷ್ಟರಲ್ಲಿ ಮೇಲಿನ ಮನೆ ಬಾಡಿಗೆದಾರ ಟವೆಲ್ ಸುತ್ತಿಕೊಂಡು, ತಲೆತುಂಬ ಸೋಪಿನ ನೊರೆ ಸಮೇತ ಇಳಿದು ಬಂದ. "ಆಂಟಿ, ನೀರೇ ಬರ್ತಿಲ್ಲ!"

ಆಂಟಿ ಡಿಸ್‌ಪ್ಲೇ ತೋರಿಸಿದರು. "ಸುಳ್ಳು ಹೇಳ್ಬೇಡಪ್ಪ."

೩. ಆರ್ಡರು

ಆರ್ಡರ್ ಹೋಯಿತು ಅಂತ ನನಗೆ ಅಳುವೇ ಬಂತು. ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಬೋರ್ಡ್ ಒರೆಸಿದೆ. ಡಿಸ್‌ಪ್ಲೇ ನಿಜ ಹೇಳಿತು, ಮೋಟ್ರು ಓಡಿತು, ಬಾಡಿಗೆದಾರ ಸ್ನಾನ ಮುಗಿಸಲು ಹೋದ. ಓನರ್ ಮಾತ್ರ ಬೋರ್ಡನ್ನೇ ನೋಡುತ್ತ ನಿಂತಿದ್ದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದರು.

"ನಮ್ಮ ಮೂರೂ ಬಿಲ್ಡಿಂಗಿಗೆ ಹಾಕ್ಬಿಡಮ್ಮ."

ಹೋದ ಜೀವ ಬಂದಂತಾಯಿತು. ಅವರು ಒಮ್ಮೆ ಹಿಂದೆ ತಿರುಗಿ ನೋಡಿ ದನಿ ತಗ್ಗಿಸಿದರು.

"ಗೋವಿಂದರಾಜನಗರದ ಬಿಲ್ಡಿಂಗಲ್ಲಿ ಮನೆಗಳು ಖಾಲಿ ಬಿದ್ದಿವೆ. ನೋಡೋಕೆ ಬರೋರೆಲ್ಲ ಮೊದಲು ಕೇಳೋದೇ ನೀರಿದ್ಯಾ ಅಂತ. ಅಲ್ಲಿಗೆ ಮಾತ್ರ ಕುಂಕುಮ ಹಚ್ಚಿರೋದೇ ಹಾಕಮ್ಮ."